ಅರವತ್ತಾರನೆಯ ಎಸೆತ

ಟೆಸ್ಟ್ ಪಂದ್ಯ ಗೆಲ್ಲಬೇಕಾದರೆ ಎದುರಾಳಿಯ ಇಪ್ಪತ್ತು ವಿಕೆಟ್ ಉರುಳಬೇಕು. ಎದುರಾಳಿ ತಾನಾಗಿಯೇ ಡಿಕ್ಲೇರ್ ಮಾಡಿಕೊಂಡು ಸೋತಂಥ ಅಪರೂಪದ ಪ್ರಸಂಗಗಳನ್ನು ಬಿಟ್ಟರೆ ಈ ಲೆಕ್ಕಕ್ಕೆ ವಿನಾಯಿತಿ ಇಲ್ಲ. ಆರುನೂರು ರನ್ ಗುಡ್ಡೆ ಹಾಕಿದರೂ ಕೊನೆಯ ವಿಕೆಟ್ ಬೀಳದಿದ್ದರೆ ಪಂದ್ಯ ಡ್ರಾ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕೋಟ, ತೆಕ್ಕಟ್ಟೆ, ಕುಂದಾಪುರ, ಬೈಂದೂರು, ಎಲ್ಲಿಯ ಅಂಗಳಕ್ಕೆ ಹೋದರೂ ಹುಡುಗನ ಕೈಗೆ ಮೊದಲು ಬರುವುದು ಬ್ಯಾಟು. ಅಂಗಡಿಯದ್ದಲ್ಲದಿದ್ದರೆ ತೆಂಗಿನ ಮಡಲಿನ ಬುಡ ಕೆತ್ತಿದ್ದು. ಅವನಿಗೆ ಚೆಂಡು ಹಾಕುವುದು ಮನೆಯಲ್ಲಿ ಬಿಡುವಾಗಿರುವ ಮಾವ, ಇಲ್ಲವೇ ತನ್ನ ಸರದಿ ಯಾವಾಗ ಬಂದೀತೆಂದು ಕಾಯುವ ತಮ್ಮ. ಬ್ಯಾಟಿಂಗ್ ಎಂದರೆ ಆಟ, ಬೌಲಿಂಗ್ ಎಂದರೆ ಆಟ ಸಿಗುವವರೆಗಿನ ದುಡಿಮೆ ಎಂಬ ಪಾಠ ಅಲ್ಲಿಯೇ ಆಗಿಬಿಡುತ್ತದೆ. ಸಂಜೆ ಗದ್ದೆಯಿಂದ ಬಂದ ಹುಡುಗನನ್ನು ದಾರಿಯಲ್ಲಿ ಸಿಕ್ಕವರು ಕೇಳುವುದೂ ಒಂದೇ ಪ್ರಶ್ನೆ: “ಎಷ್ಟ್ ಹೊಡ್ದೆ ಮಾರಾಯ?” ಎಷ್ಟು ತೆಗೆದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಹಾಗಾದರೆ ಟೆಸ್ಟ್ ಕ್ರಿಕೆಟ್ಟಿನಲ್ಲಿ ದೊಡ್ಡವರು ಯಾರು? ಗೆಲುವು ತರುವವರೋ, ನೆನಪಿನಲ್ಲಿ ಉಳಿಯುವವರೋ? ಇವೆರಡೂ ಬೇರೆ ಬೇರೆಯಾಗಿರುವುದಕ್ಕೇ ಈ ಪ್ರಶ್ನೆ ಇಷ್ಟು ಕಾಲ ಬಾಳಿದೆ.

ಇದನ್ನು ತೂಗಿ ನೋಡಲು 1999ರ ಜನವರಿ ಕೊನೆಯಿಂದ ಫೆಬ್ರವರಿ ಮೂರನೆಯ ವಾರದವರೆಗಿನ ದಿನಗಳಿಗಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಭಾರತ, ಪಾಕಿಸ್ತಾನ ಆಗ ಬೆನ್ನುಬೆನ್ನಿಗೆ ಮೂರು ಟೆಸ್ಟ್ ಆಡಿದವು. ಮೊದಲನೆಯದು ಚೆನ್ನೈಯಲ್ಲಿ. ಗೆಲ್ಲಲು 271 ಬೇಕಿತ್ತು. ಬೆನ್ನುನೋವಿನಲ್ಲಿ ಆಡುತ್ತಿದ್ದ ಸಚಿನ್ ತೆಂಡೂಲ್ಕರ್ 136 ಹೊಡೆದು ಔಟಾದಾಗ ಉಳಿದದ್ದು 17 ರನ್. ಆಮೇಲೆ ಬಂದವರು ಕೂಡಿಸಿದ್ದು ನಾಲ್ಕೇ. ಹನ್ನೆರಡು ರನ್ನಿನ ಸೋಲು. ಆ ನಾಲ್ಕು ರನ್ನಿನಲ್ಲಿ ಮುಗಿದುಹೋದವರು ಕುಂಬ್ಳೆ, ಸುನಿಲ್ ಜೋಶಿ, ಶ್ರೀನಾಥ್. ನಮ್ಮವರೇ ಮೂವರೂ. ಇವತ್ತಿಗೂ ಆ ಪಂದ್ಯದ ಮಾತೆತ್ತಿದರೆ ಸಚಿನ್ ಒಬ್ಬರಿಗಾಗಿ ಮರುಗುವವರಿದ್ದಾರೆ, ಬೌಲರುಗಳಿಗೆ ಹದಿನೇಳು ರನ್ ಹೊಡೆಯಲಿಕ್ಕಾಗಲಿಲ್ಲವೇ ಎಂದು ಹಲ್ಲು ಕಡಿಯುವವರಿದ್ದಾರೆ. ಆದರೆ 271 ಎಂಬ ಗುರಿ ಎಲ್ಲಿಂದ ಬಂತು? ಎರಡನೆಯ ಇನಿಂಗ್ಸಿನಲ್ಲಿ ಶಾಹಿದ್ ಅಫ್ರಿದಿ 141 ಹೊಡೆದು ಪಂದ್ಯವನ್ನು ಹೊತ್ತೊಯ್ಯುತ್ತಿದ್ದಾಗ ವೆಂಕಟೇಶ್ ಪ್ರಸಾದ್ ಹದಿನೆಂಟು ಎಸೆತಗಳಲ್ಲಿ ಒಂದೂ ರನ್ ಕೊಡದೆ ಐದು ವಿಕೆಟ್ ಕಿತ್ತರು. ಒಟ್ಟು 33ಕ್ಕೆ 6. ಪಾಕಿಸ್ತಾನ 286ಕ್ಕೆ ಆಲೌಟ್. ಆ ಹದಿನೆಂಟು ಎಸೆತ ಇಲ್ಲದಿದ್ದರೆ ಸಚಿನ್‌ಗೆ ಬೆನ್ನಟ್ಟುವುದಕ್ಕೆ ಗುರಿಯೇ ಇರುತ್ತಿರಲಿಲ್ಲ. ಅದನ್ನು ನೆನಪಿಸಿದರೆ “ಹೌದಾ, ಪ್ರಸಾದ್ ಇದ್ರಾ ಆ ಮ್ಯಾಚಲ್ಲಿ?” ಎನ್ನುತ್ತಾರೆ.

ಎರಡನೆಯದು ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ. ಪಾಕಿಸ್ತಾನಕ್ಕೆ 420ರ ಗುರಿ. ವಿಕೆಟ್ ನಷ್ಟವಿಲ್ಲದೆ 101 ಆಗಿತ್ತು. ಅಲ್ಲಿಂದ 207ಕ್ಕೆ ಆಲೌಟ್, ಹತ್ತೂ ವಿಕೆಟ್ ಅನಿಲ್ ಕುಂಬ್ಳೆಗೆ, 74 ರನ್ನಿಗೆ. ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಲ್ಲಿ ಜಾವಗಲ್ ಶ್ರೀನಾಥ್ ಬ್ಯಾಟಿಗೆ ಸಿಗದಂತೆ ದೂರ ದೂರ ಚೆಂಡು ಹಾಕಿದರು, ಹತ್ತನೆಯದು ಅಪ್ಪಿತಪ್ಪಿ ತನಗೆ ಬೀಳಬಾರದೆಂದು. ವಿಕೆಟ್ಟಿಗಾಗಿ ಬದುಕುವ ಮನುಷ್ಯ ವಿಕೆಟ್ ಬೇಡವೆಂದು ಓಡಿ ಬಂದು ಚೆಂಡೆಸೆದ ಆ ಓವರು ನನಗೆ ಹತ್ತು ವಿಕೆಟ್ಟಿನಷ್ಟೇ ದೊಡ್ಡದು. ಆ ಪಂದ್ಯದಲ್ಲಿ 60 ಮತ್ತು 96 ಹೊಡೆದ ಸದಗೋಪನ್ ರಮೇಶ್ ಹೆಸರನ್ನು ಈಗ ಯಾರೂ ಎತ್ತುವುದಿಲ್ಲ ಎಂಬುದನ್ನೂ ಹೇಳಬೇಕು. ಮರೆವು ಬೌಲರನ್ನು ಮಾತ್ರ ಹುಡುಕಿಕೊಂಡು ಹೋಗುತ್ತದೆ ಎಂದರೆ ಅನ್ಯಾಯವಾದೀತು.

ಮೂರನೆಯದು ಕೋಲ್ಕತ್ತ. ಶ್ರೀನಾಥ್ 46ಕ್ಕೆ 5, 86ಕ್ಕೆ 8. ಒಟ್ಟು ಹದಿಮೂರು ವಿಕೆಟ್. ಭಾರತ 46 ರನ್ನಿನಿಂದ ಸೋತಿತು. ಇನಿಂಗ್ಸಿನ ಆದಿಯಿಂದ ಅಂತ್ಯದವರೆಗೆ ನಿಂತು ಅಜೇಯ 188 ಹೊಡೆದ ಸಯೀದ್ ಅನ್ವರ್ ಪಂದ್ಯವನ್ನು ಕೊಂಡೊಯ್ದರು. ಬೌಲರು ಗೆಲ್ಲಿಸುತ್ತಾನೆ ಎಂಬ ಮಾತನ್ನು ಕಲ್ಲಿನಲ್ಲಿ ಕೆತ್ತಿಸಹೊರಟವರು ಈ ಪಂದ್ಯದ ಬಳಿ ಒಂದು ಗಳಿಗೆ ನಿಲ್ಲಬೇಕು. 2021ರ ಡಿಸೆಂಬರಿನಲ್ಲಿ ಮುಂಬೈಯಲ್ಲಿ ನ್ಯೂಜಿಲೆಂಡಿನ ಎಜಾಜ್ ಪಟೇಲ್ ಭಾರತದ ಹತ್ತೂ ವಿಕೆಟ್ ಕಿತ್ತರು. ಅವರ ತಂಡ 62ಕ್ಕೆ ಮುದುರಿ 372 ರನ್ನಿನಿಂದ ಸೋತಿತು. 2024–25ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಜಸ್‌ಪ್ರೀತ್ ಬುಮ್ರಾ 32 ವಿಕೆಟ್ ತೆಗೆದರೂ ಸರಣಿ 3–1ರಿಂದ ಹೋಯಿತು. ಒಬ್ಬ ಬೌಲರೂ ಒಂಟಿ, ಒಬ್ಬ ಬ್ಯಾಟರೂ ಒಂಟಿ.

ಆದರೆ ಒಂದು ಪಂದ್ಯದ ಮಾತು ಬಿಟ್ಟು ಒಂದು ಕಾಲದ ಮಾತಿಗೆ ಬಂದರೆ ತಕ್ಕಡಿ ವಾಲುತ್ತದೆ. ವೆಸ್ಟ್ ಇಂಡೀಸ್ 1980ರಿಂದ 1995ರವರೆಗೆ ಒಂದೂ ಟೆಸ್ಟ್ ಸರಣಿ ಸೋಲಲಿಲ್ಲ. ರಾಬರ್ಟ್ಸ್, ಹೋಲ್ಡಿಂಗ್, ಗಾರ್ನರ್, ಮಾರ್ಷಲ್, ಆಮೇಲೆ ಆಂಬ್ರೋಸ್, ವಾಲ್ಷ್: ಒಬ್ಬ ಇಳಿಯುವಷ್ಟರಲ್ಲಿ ಇನ್ನೊಬ್ಬ ಏರುತ್ತಿದ್ದ. ರಿಚರ್ಡ್ಸ್, ಗ್ರೀನಿಜ್, ಲಾಯ್ಡ್ ಇದ್ದರಲ್ಲ ಎನ್ನಬಹುದು. ಇದ್ದರು. ಆದರೆ ಅವರಿಗೆ ಒಂದಿಂಚೂ ಕಡಿಮೆಯಿಲ್ಲದ ಬ್ರಯಾನ್ ಲಾರಾ ಆ ನಾಡಿನ ಬೌಲಿಂಗ್ ಬತ್ತಿದ ಮೇಲೂ ಆಡುತ್ತಲೇ ಇದ್ದರು. ಆಂಬ್ರೋಸ್, ವಾಲ್ಷ್ ನಿವೃತ್ತರಾದ ಮೇಲೆ 2001ರ ಕೊನೆಯಲ್ಲಿ ಶ್ರೀಲಂಕಾಕ್ಕೆ ಹೋದ ಲಾರಾ ಮೂರೇ ಟೆಸ್ಟಿನಲ್ಲಿ 688 ರನ್ ಹೊಡೆದರು. ಮುತ್ತಯ್ಯ ಮುರಳೀಧರನ್ ಅವರನ್ನು ಅವರ ನೆಲದಲ್ಲೇ ಅಷ್ಟು ಲೀಲಾಜಾಲವಾಗಿ ಆಡಿದವರು ಕಡಿಮೆ. ಫಲಿತಾಂಶ? ಮೂರಕ್ಕೆ ಮೂರೂ ಸೋಲು. ಲಾರಾ ಇನ್ನೂ ನೂರು ರನ್ ಹೆಚ್ಚು ಹೊಡೆದಿದ್ದರೂ ಇಪ್ಪತ್ತು ವಿಕೆಟ್ ತೆಗೆಯುವವರು ಅವರ ಕಡೆ ಇರಲಿಲ್ಲ.

ನಮ್ಮ ದ್ರಾವಿಡ್ ಕಥೆ ಇನ್ನೂ ಹತ್ತಿರದ್ದು. 2003ರ ಡಿಸೆಂಬರಿನಲ್ಲಿ ಅಡಿಲೇಡ್ ಟೆಸ್ಟಿನಲ್ಲಿ 233 ಮತ್ತು ಅಜೇಯ 72, ಭಾರತಕ್ಕೆ ಗೆಲುವು. 2011ರ ಇಂಗ್ಲೆಂಡಿನಲ್ಲಿ ಮೂರು ಶತಕ, 461 ರನ್, ಓವಲ್‌ನಲ್ಲಿ ಆರಂಭಿಕನಾಗಿ ಇಳಿದು ಕೊನೆಯವರೆಗೆ ಅಜೇಯ 146. ಭಾರತಕ್ಕೆ 4–0ರ ಸೋಲು. ಮನುಷ್ಯ ಅವನೇ, ತಾಳ್ಮೆ ಅದೇ. ಅಡಿಲೇಡಿನಲ್ಲಿ ಅಜಿತ್ ಅಗರ್ಕರ್ 41ಕ್ಕೆ 6 ಕಿತ್ತು ಆಸ್ಟ್ರೇಲಿಯಾವನ್ನು 196ಕ್ಕೆ ಉರುಳಿಸಿದ್ದರು. ಇಂಗ್ಲೆಂಡಿನಲ್ಲಿ ಅಂಥವರೊಬ್ಬರು ಇರಲಿಲ್ಲ, ವ್ಯತ್ಯಾಸ ಇಷ್ಟೇ. ಅಡಿಲೇಡ್ ಎಂದರೆ ಚೆಂಡನ್ನು ಬೌಂಡರಿಗಟ್ಟಿ ಕೈಯೆತ್ತಿದ ದ್ರಾವಿಡ್ ಕಣ್ಣಿಗೆ ಬರುತ್ತಾರೆ. ಅಗರ್ಕರ್ ಬರುವುದಿಲ್ಲ.

ಯಾಕೆ ಬರುವುದಿಲ್ಲ? ಇಲ್ಲಿಂದ ಮುಂದೆ ಕ್ರಿಕೆಟ್ಟಿಗಿಂತ ನಮ್ಮ ಬಗೆಗಿನ ಮಾತು.

ಬ್ಯಾಟರಿಗೆ ಒಂದೇ ಜೀವ. ಹನ್ನೊಂದು ಜನರ ನಡುವೆ ಒಬ್ಬನೇ ನಿಂತಿರುತ್ತಾನೆ. ಮುನ್ನೂರು ಚೆಂಡು ಸರಿಯಾಗಿ ಆಡಿ ಮುನ್ನೂರ ಒಂದನೆಯದಕ್ಕೆ ತಪ್ಪಿದರೆ ನಡೆಯಬೇಕು. ಬೌಲರು ಕೆಟ್ಟ ಚೆಂಡು ಹಾಕಿ ನಾಲ್ಕು ಹೊಡೆಸಿಕೊಂಡರೂ ಮರಳಿ ಹೋಗಿ ಇನ್ನೊಂದು ಹಾಕಬಹುದು. ಗುಂಡಪ್ಪ ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆಗೆ ಔಟಾದರು, ಎರಡನೆಯದರಲ್ಲಿ 137 ಹೊಡೆದರು. ಆ ಎರಡರ ನಡುವಿನ ರಾತ್ರಿಗಳಲ್ಲಿ ಭದ್ರಾವತಿಯ ಆ ಸಣ್ಣ ಮೈಯ ಹುಡುಗ ಎಷ್ಟು ನಿದ್ದೆ ಮಾಡಿರಬಹುದು? ಒಂಟಿಯಾಗಿ ನಿಂತವನಲ್ಲಿ ನಾವು ನಮ್ಮನ್ನು ಕಾಣುತ್ತೇವೆ. ಬದುಕು ನಮ್ಮ ಕಡೆಗೆ ಎಸೆಯುತ್ತದೆ, ನಾವು ತಡೆಯುತ್ತೇವೆ ಎಂಬ ನಂಬಿಕೆ ನಮಗೆಲ್ಲ ಹಿತ. ಬೌಲರಾದರೋ ಇನ್ನೊಬ್ಬನ ತಪ್ಪನ್ನು ಹುಡುಕಿಕೊಂಡು ಓಡಿಬರುವವನು. ಅವನ ಸಂತೋಷ ಇನ್ನೊಬ್ಬನ ದುಃಖದಲ್ಲಿದೆ. ಅಂಥವನನ್ನು ಮೆಚ್ಚಬಹುದು, ಪ್ರೀತಿಸುವುದು ಕಷ್ಟ.

ನಮ್ಮ ಕಡೆಯ ಪಂದ್ಯಾಟಗಳೂ ಈ ಒಲವನ್ನು ಗಟ್ಟಿ ಮಾಡಿವೆ. ಭತ್ತ ಕೊಯ್ದ ಬಯಲುಗದ್ದೆ, ಕುಂದಾಪುರದ ಗಾಂಧಿ ಮೈದಾನ, ಶಾಲೆಯ ಬಯಲು, ಎಲ್ಲೆಂದರಲ್ಲಿ ಡಿಸೆಂಬರಿನಿಂದ ಮಳೆ ಬೀಳುವವರೆಗೆ ಟೆನಿಸ್ ಬಾಲ್ ಪಂದ್ಯಾಟ, ಅದೂ ಹೊನಲು ಬೆಳಕಿನಲ್ಲಿ. ಇಡೀ ಇನಿಂಗ್ಸ್ ಕೆಲವೇ ಓವರು. ಒಬ್ಬ ಎಸೆತಗಾರನಿಗೆ ಸಿಗುವುದು ಒಂದೋ ಎರಡೋ. ಅಷ್ಟರಲ್ಲಿ ಅವನು ಬ್ಯಾಟರಿನ ಮನಸ್ಸನ್ನು ಓದುವುದೆಲ್ಲಿ, ಬಲೆ ಹೆಣೆಯುವುದೆಲ್ಲಿ? ಸಿಕ್ಸರ್ ತಿನ್ನದೆ ಪಾರಾದರೆ ಸಾಕು. ಧ್ವನಿವರ್ಧಕದಲ್ಲಿ ವೀಕ್ಷಕ ವಿವರಣೆಯವರ ಗಂಟಲು ಏರುವುದು ಚೆಂಡು ಗದ್ದೆ ದಾಟಿ ತೋಟಕ್ಕೆ ಬಿದ್ದಾಗ. ಬಿಗಿಯಾಗಿ ಬಂದ ನಾಲ್ಕು ಚೆಂಡುಗಳಿಗೆ ಅವರ ಬಳಿ ಪದಗಳಿಲ್ಲ. ತಪ್ಪು ಅವರದ್ದಲ್ಲ. ಆ ಆಟ ಇರುವುದೇ ಹೊಡೆತಕ್ಕೆ. ಐವತ್ತು ಓವರಿನಲ್ಲಿ ಬೌಲರಿಗೆ ಹತ್ತು, ಇಪ್ಪತ್ತರಲ್ಲಿ ನಾಲ್ಕು ಎಂದು ಗಡಿ ಹಾಕಿದ್ದಾರೆ. ಟೆಸ್ಟಿನಲ್ಲಿ ಮಾತ್ರ ಗಡಿ ಇಲ್ಲ. ಹೆಗಲು ಬೀಳುವವರೆಗೆ ಹಾಕಬಹುದು. ಹಾಗಾಗಿ ಬೌಲರಿಗೆ ಬ್ಯಾಟರಿನಷ್ಟೇ ಉದ್ದದ ಆಯುಸ್ಸು ಇರುವ ಒಂದೇ ಆಟ ಟೆಸ್ಟ್. ಇಲ್ಲಿಯೂ ಅವನನ್ನು ಎರಡನೆಯ ಸಾಲಿಗೆ ತಳ್ಳಿದರೆ ಅವನು ಇನ್ನೆಲ್ಲಿಗೆ ಹೋಗಬೇಕು?

ರಾತ್ರಿಯಿಡೀ ನಡೆಯುವ ಇನ್ನೊಂದು ಆಟ ನಮ್ಮೂರಲ್ಲಿದೆ, ಯಕ್ಷಗಾನ. ಬ್ರಹ್ಮಾವರದ ಮಗ್ಗುಲಿನ ಹಾರಾಡಿ, ಮಟಪಾಡಿಗಳ ಹೆಸರಲ್ಲಿ ಬಡಗಿನ ಕುಣಿತದ ಎರಡು ತಿಟ್ಟುಗಳೇ ಇವೆ. ವೇಷಧಾರಿಗಳ ಮಣ್ಣು ಇದು. ಹಾಗಿದ್ದೂ ಮೇಳದ ಹಿರಿತನದ ಲೆಕ್ಕದಲ್ಲಿ ನಾಯಕ ಪಾತ್ರ ಮಾಡುವವನು ಎರಡನೇ ವೇಷ. ಮೊದಲನೆಯದು ಬಣ್ಣ ಹಚ್ಚದ, ಕಿರೀಟ ಇಡದ ಭಾಗವತ. ಅವನು ಪದ್ಯ ಎತ್ತದೆ ರಂಗದಲ್ಲಿ ಒಂದು ಹೆಜ್ಜೆ ಏಳುವುದಿಲ್ಲ. ಗುಂಡ್ಮಿಯ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಸಾಲಿಗ್ರಾಮ ಮೇಳದ ಆಟಕ್ಕೆ ಬರೀ ಅವರ ಕಂಠಕ್ಕಾಗಿ ಹೋಗುತ್ತಿದ್ದವರು ಇನ್ನೂ ಅವರ ಮಾತಾಡುತ್ತಾರೆ. ಟೆಸ್ಟಿನಲ್ಲೂ ಪ್ರತಿಯೊಂದು ಚಲನೆ ಬೌಲರಿಂದಲೇ ಶುರು. ಬ್ಯಾಟರು ಎಷ್ಟೇ ದೊಡ್ಡವನಾದರೂ ಉತ್ತರ ಕೊಡುವವನು. ರೇಡಿಯೋ ಕಾಲದಲ್ಲಿ ಇದು ಕಿವಿಗೇ ಗೊತ್ತಾಗುತ್ತಿತ್ತು: ಓಡಿ ಬರುತ್ತಿದ್ದಾರೆ ಎಂದು ಮೊದಲು ಕೇಳುತ್ತಿದ್ದುದು ಬೌಲರಿನ ಹೆಸರು. ಟಿವಿಯ ಮುಖ್ಯಾಂಶಗಳು ಬಂದ ಮೇಲೆ ಆ ಓಟ ಕತ್ತರಿಯ ಪಾಲಾಯಿತು, ಬೌಂಡರಿ ಉಳಿಯಿತು.

ಹೋಲಿಕೆ ಇಲ್ಲಿಗೆ ಮುರಿಯುತ್ತದೆ. ಭಾಗವತ ವೇಷಧಾರಿಯನ್ನು ಮೆರೆಸಲು ಹಾಡುತ್ತಾನೆ. ಬೌಲರು ಬ್ಯಾಟರನ್ನು ರಂಗದಿಂದ ಇಳಿಸಲು ಎಸೆಯುತ್ತಾನೆ. ಆದರೂ ಬ್ಯಾಟರು ಮೆರೆಯುವುದು ಅವನಿಂದಲೇ. 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ವಿಶ್ವನಾಥ್ ಹೊಡೆದ ಅಜೇಯ 97ನ್ನು ಅವರ ಹದಿನಾಲ್ಕು ಶತಕಗಳಿಗಿಂತ ಮೇಲೆ ಇಡುವವರಿದ್ದಾರೆ. ನಾನೂ ಅವರಲ್ಲೊಬ್ಬ. ಭಾರತದ ಮೊತ್ತ 190; ಎದುರಿಗೆ 64ಕ್ಕೆ 7 ಕಿತ್ತ ಆಂಡಿ ರಾಬರ್ಟ್ಸ್. ಆ ಏಳು ವಿಕೆಟ್ ತೆಗೆದುಹಾಕಿ, 97 ಬರೀ ಒಂದು ಅಂಕಿ. ವಿಶ್ವನಾಥ್ ಎಷ್ಟು ದೊಡ್ಡವರೆಂದು ನಮಗೆ ಹೇಳಿಕೊಟ್ಟದ್ದು ರಾಬರ್ಟ್ಸ್. ರಾಬರ್ಟ್ಸ್ ಆ ಪಂದ್ಯದಲ್ಲಿ ಹನ್ನೆರಡು ವಿಕೆಟ್ ತೆಗೆದೂ ಸೋತರು, ಯಾಕೆಂದರೆ ಭಾರತದ ಕಡೆ ಎರಪಳ್ಳಿ ಪ್ರಸನ್ನ ಇದ್ದರು: ಮೊದಲು 70ಕ್ಕೆ 5, ಆಮೇಲೆ 41ಕ್ಕೆ 4. ನೂರು ರನ್ನಿನ ಗೆಲುವು. ಅದು ವಿಶ್ವನಾಥರ ಪಂದ್ಯ ಎಂದೇ ಹೆಸರಾಗಿದೆ. ಪ್ರಸನ್ನರ ಒಂಬತ್ತು ವಿಕೆಟ್ ಯಾರ ಲೆಕ್ಕಕ್ಕೆ?

ಬಿ.ಎಸ್. ಚಂದ್ರಶೇಖರ್ ಅವರ ಬಲಗೈಯನ್ನು ಬಾಲ್ಯದಲ್ಲಿ ಪೋಲಿಯೊ ಸೊರಗಿಸಿತ್ತು. ಆ ಕೈಯಿಂದಲೇ 58 ಟೆಸ್ಟಿನಲ್ಲಿ 242 ವಿಕೆಟ್. ಬ್ಯಾಟಿನಿಂದ ಗಳಿಸಿದ್ದು ಒಟ್ಟು 167 ರನ್, ತೆಗೆದ ವಿಕೆಟ್ಟಿಗಿಂತಲೂ ಕಡಿಮೆ. 1971ರ ಆಗಸ್ಟಿನಲ್ಲಿ ಓವಲ್‌ನಲ್ಲಿ ಅವರು 38ಕ್ಕೆ 6 ತೆಗೆದು ಇಂಗ್ಲೆಂಡನ್ನು 101ಕ್ಕೆ ಕೆಡವಿದ ಮೇಲೆ ಭಾರತಕ್ಕೆ ಆ ನೆಲದಲ್ಲಿ ಮೊದಲ ಟೆಸ್ಟ್ ಗೆಲುವು, ಸರಣಿಯೂ ಸಿಕ್ಕಿತು. ಶಾರ್ಟ್‌ ಲೆಗ್‌ನಲ್ಲಿ ಬ್ಯಾಟಿಗೆ ಅಂಟಿಕೊಂಡಂತೆ ನಿಂತ ಏಕನಾಥ್ ಸೋಲ್ಕರ್ ಇಲ್ಲದಿದ್ದರೆ ಆ ಆರು ಅಷ್ಟಾಗುತ್ತಿರಲಿಲ್ಲ ಎನ್ನುವುದೂ ನಿಜ. ಬೌಲರಿನ ಕೀರ್ತಿ ಇನ್ನೊಬ್ಬರ ಅಂಗೈಯಲ್ಲಿದೆ. ಕ್ಯಾಚ್ ಬಿಟ್ಟರೆ ಅವನು ಮಾಡಿದ್ದು ಲೆಕ್ಕಕ್ಕೇ ಬರುವುದಿಲ್ಲ.

ಈಗ ನನ್ನನ್ನು ಬಹಳ ಕಾಲ ಕಾಡಿದ ಎರಡು ಅಂಕಿ. ರಾಹುಲ್ ದ್ರಾವಿಡ್ ಟೆಸ್ಟಿನಲ್ಲಿ 31,258 ಚೆಂಡು ಎದುರಿಸಿದರು. ಲೋಕದಲ್ಲಿ ಅಷ್ಟು ಎದುರಿಸಿದವರು ಇನ್ನೊಬ್ಬರಿಲ್ಲ. ಹೆಸರಿನಲ್ಲಿ ಕಾಸರಗೋಡಿನ ಕುಂಬಳೆಯನ್ನು ಹೊತ್ತ ಅನಿಲ್ ಕುಂಬ್ಳೆ 40,850 ಚೆಂಡು ಎಸೆದರು, 619 ವಿಕೆಟ್ ಪಡೆದರು. ಭಾಗಿಸಿ ನೋಡಿ: ದ್ರಾವಿಡ್ ಔಟಾಗುತ್ತಿದ್ದುದು ಸುಮಾರು 123 ಚೆಂಡಿಗೊಮ್ಮೆ. ಕುಂಬ್ಳೆಗೆ ವಿಕೆಟ್ ಸಿಗುತ್ತಿದ್ದುದು 66 ಚೆಂಡಿಗೊಮ್ಮೆ. ದ್ರಾವಿಡ್ ತಡೆದ ಪ್ರತಿ ಚೆಂಡೂ ಅವರ ಗೆಲುವು. ರನ್ ಬಾರದಿದ್ದರೂ ಕ್ರೀಸಿನಲ್ಲಿದ್ದಾರೆ. ಕುಂಬ್ಳೆಯ ಅರವತ್ತೈದು ಚೆಂಡು ವಿಕೆಟ್ಟಿನ ಲೆಕ್ಕದಲ್ಲಿ ಖಾಲಿ. ಖಾಲಿ ಎಂದು ಗೊತ್ತಿದ್ದೂ ಪ್ರತಿಯೊಂದನ್ನೂ ಅರವತ್ತಾರನೆಯದೆಂಬಂತೆ ಎಸೆಯಬೇಕು. ಹದಿನೆಂಟು ವರ್ಷ ಹೀಗೆ ಎಸೆದರು. ಅವರಿಗೆ ಟೆಸ್ಟ್ ನಾಯಕತ್ವ ಕೊಡಲು ಮಂಡಳಿಗೆ ಮನಸ್ಸಾದದ್ದು 2007ರ ನವೆಂಬರಿನಲ್ಲಿ, ವಯಸ್ಸು ಮೂವತ್ತೇಳಾದ ಮೇಲೆ. ಎರಡು ತಿಂಗಳಲ್ಲಿ ಪರ್ತ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ ಬಂದರು.

2002ರ ಮೇ ತಿಂಗಳು, ಆಂಟಿಗುವಾ. ಬ್ಯಾಟ್ ಮಾಡುವಾಗ ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ಕುಂಬ್ಳೆಯ ದವಡೆ ಮುರಿಯಿತು. ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಹೊರಡಬೇಕಿತ್ತು. ತಲೆಯಿಂದ ಗದ್ದದವರೆಗೆ ಪಟ್ಟಿ ಸುತ್ತಿಕೊಂಡು ಮೈದಾನಕ್ಕೆ ಇಳಿದರು. ಹದಿನಾಲ್ಕು ಓವರು ಒಂದೇ ಸಮನೆ ಎಸೆದರು. ಎಲ್‌ಬಿಗೆ ಕೂಗಬೇಕಾದರೆ ಬಾಯಿ ತೆರೆಯಬೇಕು, ದವಡೆ ಬಿಡುವುದಿಲ್ಲ. ಆದರೂ ಲಾರಾ ಎಲ್‌ಬಿ ಬಲೆಗೆ ಬಿದ್ದರು. ಸಿಕ್ಕಿದ್ದು ಅದೊಂದೇ ವಿಕೆಟ್. ವೆಸ್ಟ್ ಇಂಡೀಸ್ ಆರುನೂರು ದಾಟಿತು, ಪಂದ್ಯ ಡ್ರಾ ಆಯಿತು.

ಈ ಪ್ರಸಂಗ ನನ್ನ ವಾದವನ್ನೇ ಕೆಡಿಸುತ್ತದೆ ಎಂದು ಮೊದಲು ಅನಿಸುತ್ತಿತ್ತು. ಬೌಲರು ದೊಡ್ಡವನು, ಯಾಕೆಂದರೆ ಅವನು ಗೆಲ್ಲಿಸುತ್ತಾನೆ ಎಂದು ಶುರುಮಾಡಿದವನು ನಾನು. ಇಲ್ಲಿ ಗೆಲುವೂ ಇಲ್ಲ, ವಿಕೆಟ್ಟಿನ ರಾಶಿಯೂ ಇಲ್ಲ. ಆದರೆ ಯೋಚಿಸಿದಷ್ಟೂ ದೊಡ್ಡತನ ಇರುವುದು ಇಲ್ಲೇ ಅನ್ನಿಸತೊಡಗಿತು. ಫಲಿತಾಂಶದ ತಕ್ಕಡಿಯಲ್ಲಿ ಬೌಲರು ಮೇಲು ಎಂಬುದು ಬರೀ ಲೆಕ್ಕ. ಲೆಕ್ಕಕ್ಕೆ ಚಿಂತನೆ ಬೇಡ. ಫಲ ಸಿಗದ ದುಡಿಮೆಯನ್ನು ಎಷ್ಟು ಹೊತ್ತು, ಎಷ್ಟು ಶ್ರದ್ಧೆಯಿಂದ ಮಾಡಬಲ್ಲೆ ಎಂಬುದು ಟೆಸ್ಟ್ ಕೇಳುವ ಪ್ರಶ್ನೆ. ಅದಕ್ಕೆ ಬ್ಯಾಟರೂ ಉತ್ತರ ಕೊಡುತ್ತಾನೆ, ಬೌಲರೂ ಕೊಡುತ್ತಾನೆ. ಆದರೆ ಬ್ಯಾಟರು ನಿಂತಷ್ಟು ಹೊತ್ತೂ ಅವನ ಹೆಸರಿನ ಮುಂದೆ ಅಂಕಿ ಬೆಳೆಯುತ್ತಿರುತ್ತದೆ, ಐವತ್ತಕ್ಕೆ ಚಪ್ಪಾಳೆ, ನೂರಕ್ಕೆ ಎದ್ದು ನಿಂತು ಚಪ್ಪಾಳೆ. ಬೌಲರು ಇಪ್ಪತ್ತು ಓವರು ವಿಕೆಟ್ ಇಲ್ಲದೆ ಎಸೆದರೆ ಅವನ ಮುಂದೆ ಬೆಳೆಯುವ ಅಂಕಿ ಎದುರಾಳಿಯದು. ಅಂಥ ಹೊತ್ತಿನಲ್ಲೂ ಇಪ್ಪತ್ತೊಂದನೆಯ ಓವರಿಗೆ ಚೆಂಡು ಕೇಳಿ ಪಡೆಯುವವನು ನನ್ನ ಕಣ್ಣಿಗೆ ಒಂದು ಗೇಣು ಎತ್ತರ ಕಾಣುತ್ತಾನೆ.

ದ್ರಾವಿಡ್, ಕುಂಬ್ಳೆ ಇಬ್ಬರಲ್ಲಿ ಒಬ್ಬರನ್ನೇ ತಂಡಕ್ಕೆ ಆಯ್ದುಕೋ ಎಂದು ಯಾರಾದರೂ ಕುತ್ತಿಗೆಗೆ ಕೈ ಹಾಕಿದರೆ ಕುಂಬ್ಳೆ ಎನ್ನುತ್ತೇನೆ. ದ್ರಾವಿಡ್ ಆಟವನ್ನು ಕುಂಬ್ಳೆಯ ಆಟಕ್ಕಿಂತ ಹೆಚ್ಚು ಪ್ರೀತಿಸಿದವನಾಗಿಯೂ ಹೀಗೆನ್ನುತ್ತೇನೆ.

ಮುಂದಿನ ಹಂಗಾಮಿನಲ್ಲಿ ಪಂದ್ಯಾಟ ಇಡುವ ಸಂಘದವರಲ್ಲಿ ಒಂದು ಕೋರಿಕೆ. ನಿಮ್ಮ ಕರಪತ್ರದಲ್ಲಿ ‘ಉತ್ತಮ ಎಸೆತಗಾರ’ ಎಂಬ ಬಹುಮಾನ ಇದ್ದೇ ಇರುತ್ತದೆ, ಗೊತ್ತು. ಅದರ ಟ್ರೋಫಿ ‘ಉತ್ತಮ ದಾಂಡಿಗ’ನದಕ್ಕಿಂತ ಗಿಡ್ಡ ಇರುವುದು ಬೇಡ. ಮತ್ತೆ, ಪಂದ್ಯಶ್ರೇಷ್ಠನನ್ನು ಆಯುವಾಗ ಸ್ಕೋರು ಪುಸ್ತಕದ ಕೆಳಗಿನ ಅರ್ಧವನ್ನೂ ಒಮ್ಮೆ ಓದಿ.